ಆರುನೂರು ಕಿಲೋಮೀಟರ್ ರಸ್ತೆಬದಿ

ಬ್ರೆವೆ ಎಂಬ ದೂರದ ಸೈಕಲ್ ಸವಾರಿಯಲ್ಲಿ ನಿಮ್ಮ ಹಿಂದೆ ಮನೆಯವರ ಕಾರು ಬರುವಂತಿಲ್ಲ. ಗಂಡನೋ ತಮ್ಮನೋ ದಾರಿ ಮಧ್ಯೆ ಕಾರು ನಿಲ್ಲಿಸಿ ನೀರಿನ ಬಾಟಲಿ ಕೈಗಿತ್ತರೆ, ಪಂಕ್ಚರ್ ಆದ ಗಾಲಿ ಬಿಚ್ಚಿಕೊಟ್ಟರೆ, ಅಲ್ಲಿಗೆ ಸವಾರಿ ಅನೂರ್ಜಿತ. ಬಂದು ಕಾಣಲೇಬೇಕೆಂದಿದ್ದರೆ ಕಂಟ್ರೋಲ್ ಎಂದು ಗೊತ್ತುಮಾಡಿದ ಊರುಗಳಲ್ಲಿ ಮಾತ್ರ ಕಾಣಬಹುದು. ಆದರೆ ದಾರಿಹೋಕರಿಗೆಲ್ಲ ಏನೇನು ಸಿಗುತ್ತದೋ ಅದೆಲ್ಲ ಸವಾರರಿಗೂ ಉಂಟು: ಟೀ ಅಂಗಡಿ, ಖಾನಾವಳಿ, ಪಂಕ್ಚರ್ ಶಾಪು, ಔಷಧಿ ಅಂಗಡಿ, ಪೆಟ್ರೋಲ್ ಬಂಕಿನ ಶೌಚಾಲಯ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚು.

ಸಂಘಟಕರು ಇದನ್ನು ಸ್ವಾವಲಂಬನೆಯ ನಿಯಮ ಎನ್ನುತ್ತಾರೆ. ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಹೋಗಿ ತಿರುಗಿ ಬರುವ 600 ಕಿಲೋಮೀಟರ್ ಮುಗಿಸಿದ ಮೇಲೆ ಆ ನಿಯಮ ನನಗೆ ಬೇರೆಯದೇ ರೀತಿಯಲ್ಲಿ ಕಾಣುತ್ತಿದೆ. ನಮ್ಮವರನ್ನೆಲ್ಲ ಬಿಟ್ಟು ಹೊರಟ ನಾವು ಅಷ್ಟು ಹೊತ್ತು ಯಾರ ಬಲದ ಮೇಲೆ ಸಾಗಿದೆವು ಎಂದು ಕೇಳಿಕೊಂಡರೆ, ಕಾಲುಗಳಿಗೆ ಸಲ್ಲುವುದು ಅರ್ಧ ಪಾಲು. ಉಳಿದರ್ಧ ರಸ್ತೆಬದಿಯದು.

ಬ್ರೆವೆಯಲ್ಲಿ ಗೆದ್ದವರು ಸೋತವರು ಎಂಬುದಿಲ್ಲ, ಮೊದಲ ಮೂರು ಸ್ಥಾನಗಳೂ ಇಲ್ಲ. ಗೊತ್ತಾದ ದೂರವನ್ನು ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕು, ಅಷ್ಟೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಊಟ, ನಿದ್ದೆ, ರಿಪೇರಿ, ಮಳೆ ನಿಲ್ಲಲೆಂದು ಸೂರಿನಡಿ ಕಾಯುವುದು ಎಲ್ಲವೂ ಆ ಗಂಟೆಗಳ ಒಳಗೇ ಬರಬೇಕು. ಒಂದೇ ಹಂಗಾಮಿನಲ್ಲಿ ಈ ನಾಲ್ಕನ್ನೂ ಮುಗಿಸಿದವರು ಸೂಪರ್ ರಾಂಡನರ್. ಇದರ ಲೆಕ್ಕವನ್ನೆಲ್ಲ ಇಡುವುದು ದೂರದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್. 1921ರಿಂದ ಅದು ಈ ಸವಾರಿಗಳನ್ನು ನಡೆಸುತ್ತ ಬಂದಿದೆ. ನಮ್ಮಲ್ಲಿ ಆಡಾಕ್ಸ್ ಇಂಡಿಯಾ ರಾಂಡನರ್ಸ್ ಎಂಬ ಸಂಸ್ಥೆ ಊರೂರಿನ ಕ್ಲಬ್ಬುಗಳ ಮೂಲಕ ನಡೆಸುತ್ತದೆ.

ಎಲ್ಲಕ್ಕೂ ಮೂಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ಫ್ರಾನ್ಸಿನ ಪಶ್ಚಿಮದ ಕಡಲತುದಿಯಲ್ಲಿರುವ ಬ್ರೆಸ್ಟಿನವರೆಗೆ ಹೋಗಿ ಬರುವ ಸುಮಾರು 1200 ಕಿಲೋಮೀಟರಿನ ಈ ಓಟವನ್ನು 1891ರಲ್ಲಿ ಪಿಯೆರ್ ಜಿಫಾರ್ ಎಂಬ ಪತ್ರಕರ್ತ ಶುರುಮಾಡಿದ. ಆ ವರ್ಷ ಗೆದ್ದ ಷಾರ್ಲ್ ತೆರೋಂ ತೆಗೆದುಕೊಂಡದ್ದು 71 ಗಂಟೆ 22 ನಿಮಿಷ. ವೃತ್ತಿಪರ ಸವಾರರು ಕೊನೆಯ ಬಾರಿಗೆ ಓಡಿದ್ದು 1951ರಲ್ಲಿ. ಆಗ ಮೋರಿಸ್ ದಿಯೊ ಮತ್ತು ಎದ್ವಾರ್ ಮುಲೇರ್ ಉಳಿದವರನ್ನೆಲ್ಲ ಹಿಂದೆ ಹಾಕಿ ಇಬ್ಬರೇ ಬರುತ್ತಿದ್ದರು. ಪ್ಯಾರಿಸ್ಸಿಗೆ ಇನ್ನು 22 ಕಿಲೋಮೀಟರ್ ಇದೆ ಎನ್ನುವಾಗ ಮುಲೇರನ ಗಾಲಿ ಪಂಕ್ಚರ್ ಆಯಿತು. ದಿಯೊ ಮುಂದೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ, ಕಾದ. ಗಾಲಿ ಸರಿಯಾದ ಮೇಲೆ ಇಬ್ಬರೂ ಜೊತೆಗೇ ಹೊರಟು, ಕೊನೆಯ ಜಿಗಿತದಲ್ಲಿ ದಿಯೊ ಗೆದ್ದ: 38 ಗಂಟೆ 55 ನಿಮಿಷ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ ಸವಾರಿ ಪೂರ್ತಿಯಾಗಿ ನನ್ನಂಥ ಹವ್ಯಾಸಿಗಳದ್ದು. 90 ಗಂಟೆ ಕೊಡುತ್ತಾರೆ. ನಮ್ಮ ದೇಶದಿಂದಲೂ ಹೋಗಿಬರುವವರಿದ್ದಾರೆ. ದಿಯೊನ ದಾಖಲೆ ಏನೇ ಇರಲಿ, ಅವನು ಪಂಕ್ಚರಿನ ಹತ್ತಿರ ನಿಂತದ್ದೇ ನನಗೆ ದೊಡ್ಡದು. ಆ ಗುಣವೇ ಈಗಿನ ಬ್ರೆವೆಗಳಲ್ಲಿ ಉಳಿದು ಬಂದಿದೆ.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಐವತ್ತರ ಆಸುಪಾಸು. ಆ ಹಂಗಾಮಿನಲ್ಲಿ 200, 300, 400 ಮುಗಿಸಿದ್ದೆ, 600 ಬಾಕಿಯಿತ್ತು. ಜುಲೈ ತಿಂಗಳ ಶನಿವಾರ ಬೆಳಿಗ್ಗೆ ಆರಕ್ಕೆ ಯಶವಂತಪುರದಿಂದ ಹೊರಟೆವು. ಹೆಲ್ಮೆಟ್, ಹಿಂದೆ ಮುಂದೆ ದೀಪ, ರಾತ್ರಿ ಹೊಳೆಯುವ ಪಟ್ಟಿಯಿರುವ ಜಾಕೆಟ್ ಎಲ್ಲ ಇದೆಯೇ ಎಂದು ನೋಡಿ, ಬ್ರೆವೆ ಕಾರ್ಡು ಕೈಗಿತ್ತರು. ಮಡಿಸಿದ ಗಟ್ಟಿ ಕಾಗದ, ಒಳಗೆ ಕಂಟ್ರೋಲುಗಳ ಹೆಸರು, ಎದುರಿಗೆ ಸೀಲು ಮತ್ತು ಸಮಯ ಬರೆಯಲು ಖಾಲಿ ಚೌಕ. ಮಳೆಗೂ ಬೆವರಿಗೂ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಯ ಹತ್ತಿರದ ಜೇಬಿಗೆ ಹಾಕಿಕೊಂಡೆ.

ನೆಲಮಂಗಲದವರೆಗೆ ಲಾರಿ, ಬಸ್ಸು, ಹೊಗೆ. ದಾಬಸ್‌ಪೇಟೆ ದಾಟುತ್ತಿದ್ದಂತೆ ಎಡಕ್ಕೆ ಶಿವಗಂಗೆ ಮೋಡದಲ್ಲಿ ಅರ್ಧ ಮುಳುಗಿ ನಿಂತಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಈ ರಸ್ತೆಯಲ್ಲಿ ಯಾರೂ ಮುಂದೆ ಹೋಗುವುದಿಲ್ಲ, ನಾವೂ ಹೋಗಲಿಲ್ಲ. ದೂರದ ಸವಾರಿಯಲ್ಲಿ ಹಸಿವಾದ ಮೇಲೆ ತಿನ್ನುವುದೆಂದರೆ ತಡವಾಯಿತೆಂದೇ ಅರ್ಥ. ಮೈಯಲ್ಲಿ ಶೇಖರವಾಗಿರುವ ಗ್ಲೈಕೋಜನ್ ಕೆಲವೇ ಗಂಟೆಗಳ ದುಡಿಮೆಗೆ ಸಾಕು; ಅದು ಬರಿದಾದ ಮೇಲೆ ಕಾಲು ಸೀಸದಂತಾಗುತ್ತದೆ, ತಲೆ ಮಂಕಾಗುತ್ತದೆ. ಗಂಟೆಗೆ ಎರಡು ಬಾಳೆಹಣ್ಣಿನಷ್ಟಾದರೂ ಒಳಗೆ ಹೋಗುತ್ತಿರಬೇಕು. ಇದನ್ನು ನನಗೆ ಕಲಿಸಿದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಮೈಸೂರಿನವರು, ಅರವತ್ತು ದಾಟಿದೆ. ಮಾತು ಕಡಿಮೆ, ಜೇಬಿನಲ್ಲಿ ಯಾವಾಗಲೂ ಕಡಲೆಕಾಯಿ ಚಿಕ್ಕಿ. ಆವತ್ತು ಅವರು, ನಾನು ಮತ್ತು ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಬ್ಬಳ್ಳಿ ಹುಡುಗ, ಮೂವರೂ ಇಡ್ಲಿ ಮುಗಿಸಿ ಒಟ್ಟಿಗೇ ಎದ್ದೆವು.

ಶಿರಾ ಕಂಟ್ರೋಲಿನಲ್ಲಿ ಸೀಲು ಹಾಕಿಸಿಕೊಂಡು ಹೊರಬೀಳುವಾಗ ಮಧ್ಯಾಹ್ನ ಹನ್ನೆರಡು. ಅಲ್ಲಿಂದ ಮುಂದೆ ಗಾಳಿಯ ಸೀಮೆ.

ಮುಂಗಾರಿನ ಗಾಳಿ ಸಹ್ಯಾದ್ರಿಗೆ ಮಳೆಯನ್ನು ಸುರಿದು, ಹಗುರಾಗಿ, ಒಣಗಿ, ಈ ಬಯಲಿಗೆ ಬರುತ್ತದೆ. ಮಳೆ ಕಡಿಮೆ, ಗಾಳಿ ಧಾರಾಳ. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಕಾರಿನಲ್ಲಿ ಹೋಗುವಾಗ ಆ ಬಿಳಿ ರೆಕ್ಕೆಗಳು ನಿಧಾನಕ್ಕೆ ಸುತ್ತುವುದು ಕಣ್ಣಿಗೆ ಹಿತ. ಸೈಕಲ್ಲಿನ ಮೇಲಿದ್ದಾಗ ಅವು ಯಾವ ಕಡೆಗೆ ಮುಖ ಮಾಡಿವೆ ಎಂಬುದೊಂದೇ ಮುಖ್ಯ. ಆವತ್ತು ಅವೆಲ್ಲ ಪಶ್ಚಿಮಕ್ಕೆ ಮುಖಮಾಡಿದ್ದವು. ನಾವು ಹೊರಟಿದ್ದು ವಾಯವ್ಯಕ್ಕೆ.

ಎದುರುಗಾಳಿಗೆ ಏರಿಗಿರುವ ಮರ್ಯಾದೆ ಇಲ್ಲ. ಏರು ಕಣ್ಣಿಗೆ ಕಾಣುತ್ತದೆ, ಒಂದು ಕಡೆ ಮುಗಿಯುತ್ತದೆ, ಆಚೆಗೆ ಇಳಿಜಾರು ಕೊಡುತ್ತದೆ. ಗಾಳಿ ಏನನ್ನೂ ತೋರಿಸುವುದಿಲ್ಲ, ಏನನ್ನೂ ಕೊಡುವುದಿಲ್ಲ. ಅದರ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ರೇಗಿ ಜೋರಾಗಿ ತುಳಿದವರು ಬೇಗ ಸೋಲುತ್ತಾರೆ. ಹಿರಿಯರು ಕೈಸನ್ನೆ ಮಾಡಿ ನಮ್ಮಿಬ್ಬರನ್ನೂ ತಮ್ಮ ಹಿಂದಕ್ಕೆ ಕರೆದುಕೊಂಡರು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಒಂದು ಮೊಳದ ಅಂತರ. ಮುಂದಿದ್ದವರು ಗಾಳಿಯನ್ನು ಸೀಳುತ್ತಾರೆ, ಹಿಂದಿದ್ದವರಿಗೆ ಅಷ್ಟು ಹೊತ್ತು ಬಿಡುವು. ಐದು ನಿಮಿಷಕ್ಕೊಮ್ಮೆ ಸರದಿ ಬದಲು. ಲಾರಿಯ ಮರೆ ಹಿಡಿಯುವುದು ನಿಯಮಕ್ಕೂ ವಿರುದ್ಧ, ಜೀವಕ್ಕೂ ಅಪಾಯ; ಸವಾರರು ಒಬ್ಬರ ಮರೆಯಲ್ಲೊಬ್ಬರು ಹೋಗಲು ಅಡ್ಡಿಯಿಲ್ಲ. ಮುಂದಿರುವವರ ಬೆನ್ನು, ಅದರ ಮೇಲೆ ಉಪ್ಪು ಕಟ್ಟಿದ ಬಿಳಿ ಗೆರೆ, ಅವರ ಹಿಂದಿನ ಗಾಲಿ ಬಿಟ್ಟರೆ ಹಿರಿಯೂರಿನ ತೆಂಗಿನ ತೋಟಗಳಾಗಲಿ ಐಮಂಗಲದ ಬಯಲಾಗಲಿ ನನಗೆ ನೆನಪಿಲ್ಲ. ಮೂವರೂ ಮಾತಾಡಲಿಲ್ಲ. ಸರದಿ ಮುಗಿದವರು ಬಲಗೈ ಮೊಣಕೈ ಅಲ್ಲಾಡಿಸಿ ಪಕ್ಕಕ್ಕೆ ಸರಿಯುತ್ತಿದ್ದರು, ಹಿಂದಿನವರು ಮುಂದೆ ಬರುತ್ತಿದ್ದರು. ಹೀಗೆ ಚಿತ್ರದುರ್ಗ ಮುಟ್ಟಿದಾಗ ಸಂಜೆ ಆರಕ್ಕೆ ಹತ್ತಿರ. ಕಂಟ್ರೋಲ್ ಮುಚ್ಚಲು ಒಂದು ಗಂಟೆಯಷ್ಟು ಬಾಕಿ.

ಅಲ್ಲಿಂದ ಹೊರಟು, ಕತ್ತಲಾದ ಮೇಲೆ, ರಸ್ತೆಬದಿಯಲ್ಲಿ ಒಂದು ಗುಡಿಸಲಿನಂಥ ಟೀ ಅಂಗಡಿ ಕಂಡಿತು. ನನಗೆ ಟೀಗಿಂತ ಹೆಚ್ಚಿಗೆ ಬೇಕಾಗಿದ್ದುದು ಬೇರೆ. ಹೆದ್ದಾರಿಯಲ್ಲಿ ದೂರ ಹೋಗುವ ಗಂಡಸರಿಗೆ ಇದು ತಲೆಗೇ ಬರುವುದಿಲ್ಲ. ಹೆಂಗಸರು ಮಾತ್ರ ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಕುಡಿಯಬಾರದು, ಮುಂದಿನ ಪೆಟ್ರೋಲ್ ಬಂಕ್ ಎಷ್ಟು ದೂರ, ಅದರ ಶೌಚಾಲಯಕ್ಕೆ ಬೀಗ ಹಾಕಿದ್ದರೆ ಏನು ಮಾಡುವುದು ಎಂದು ಲೆಕ್ಕ ಹಾಕುತ್ತಲೇ ಪೆಡಲ್ ತುಳಿಯಬೇಕು. ನೀರು ಕಡಿಮೆ ಕುಡಿದರೆ ಸ್ನಾಯು ಸೆಟೆದುಕೊಳ್ಳುತ್ತದೆ, ಕುಡಿದರೆ ಇದು. ಹಿಂದಿನ ಬಂಕಿನಲ್ಲಿ ಬೀಗದ ಕೈ ಯಾರ ಹತ್ತಿರವೋ ಇತ್ತು, ಅವರು ಊಟಕ್ಕೆ ಹೋಗಿದ್ದರು.

ಅಂಗಡಿಯ ಅಜ್ಜಿ ನನ್ನನ್ನು ಒಮ್ಮೆ ನೋಡಿದಳು. ನಾನು ಇನ್ನೂ ಕೇಳಿರಲಿಲ್ಲ.

“ಒಳೀಕೆ ಹೋಗವ್ವ, ಹಿತ್ತಲಾಗೈತೆ” ಎಂದಳು. “ಬಾಗಿಲಿಗೆ ಚಿಲಕ ಇಲ್ಲ, ನಾ ನಿಂತಿರ್ತೀನಿ ನಡಿ.”

ಸೀಮೆಂಟಿನ ನಾಲ್ಕು ಗೋಡೆ, ತಗಡಿನ ಬಾಗಿಲು, ಒಂದು ಬಕೆಟ್ ನೀರು, ಮಗ್ಗು. ತಗಡಿನ ಕೆಳಗಿನ ಸಂದಿನಲ್ಲಿ ಅಜ್ಜಿಯ ಬರಿಗಾಲು ಕಾಣುತ್ತಿತ್ತು, ಬೆರಳಲ್ಲಿ ಕಾಲುಂಗುರ. ನಾನು ಹೊರಬರುವ ತನಕ ಆ ಕಾಲು ಅಲ್ಲಾಡಲಿಲ್ಲ. ಅಷ್ಟರಲ್ಲಿ ಮುಂದಿನ ಒಲೆಯ ಮೇಲೆ ಟೀ ಉಕ್ಕಿ ಚೆಲ್ಲಿತ್ತು. ಅವಳು ಬೈದುಕೊಳ್ಳಲಿಲ್ಲ, ಮತ್ತೆ ನೀರಿಟ್ಟು ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಕೊಟ್ಟಳು. ಮೂವರೂ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ದುಡ್ಡು ಎಣಿಸಿ ತೆಗೆದುಕೊಂಡಳು, ಚಿಲ್ಲರೆ ಎಣಿಸಿ ಕೊಟ್ಟಳು. ಎಲ್ಲಿಂದ ಬಂದಿರಿ, ಯಾಕೆ ಹೊರಟಿರಿ ಎಂದು ಕೇಳಲೇ ಇಲ್ಲ. ಆ ರಸ್ತೆಯಲ್ಲಿ ದಿನಾ ರಾತ್ರಿ ಯಾರ್ಯಾರೋ ಎಲ್ಲೆಲ್ಲಿಗೋ ಹೋಗುತ್ತಾರೆ. ನಾವೂ ಹಾಗೆ ಹೋಗುವವರು.

ಭರಮಸಾಗರ ದಾಟಿದ ಮೇಲೆ ನನ್ನ ಹಿಂದಿನ ಗಾಲಿ ಮೆತ್ತಗಾಯಿತು. ಹುಬ್ಬಳ್ಳಿ ಹುಡುಗನಿಗೆ ಆಗಲೇ ಮೊಣಕಾಲು ನೋಯುತ್ತಿತ್ತು, ನಿಂತರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಮೆಲ್ಲಗೆ ಮುಂದೆ ಹೋದ. ಹಿರಿಯರು ಸೈಕಲ್ ಇಳಿದರು. “ನೀವು ಹೋಗಿ ಸರ್, ಹೊತ್ತಾಗುತ್ತೆ” ಎಂದೆ. “ಇಬ್ಬರಾದರೆ ಬೇಗ ಆಗುತ್ತೆ, ಗಾಲಿ ಬಿಚ್ಚಮ್ಮ” ಎಂದರು.

ಟ್ಯೂಬ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಬದಲಿಸಿದೆ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಇಳಿಯಿತು. ಟೈರಿನೊಳಗೆ ಏನೋ ಕೂತಿದೆ, ಅದನ್ನು ತೆಗೆಯದೆ ಎಷ್ಟು ಟ್ಯೂಬ್ ಹಾಕಿದರೂ ಇಷ್ಟೇ. ನಮ್ಮ ತಲೆದೀಪದ ಬೆಳಕಿನಲ್ಲಿ ಎಷ್ಟು ಹುಡುಕಿದರೂ ಕಾಣಲಿಲ್ಲ. ಅದೃಷ್ಟಕ್ಕೆ ಮುಂದೆ ಲಾರಿಗಳು ನಿಲ್ಲುವ ಜಾಗದಲ್ಲಿ ಒಂದು ಪಂಕ್ಚರ್ ಶಾಪಿನ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಹಗ್ಗಕ್ಕೆ ನೇತುಹಾಕಿದ ಹಳೇ ಟೈರು, ಒಂದು ಮಂಚ, ಕಂಪ್ರೆಸರ್, ನೀರು ತುಂಬಿದ ಕಬ್ಬಿಣದ ಬಾಣಲೆ. ಮಂಚದ ಮೇಲೆ ಮಲಗಿದ್ದ ಬಿಹಾರದ ಹುಡುಗ ಎದ್ದು ಬಂದ.

ಅವನ ಕಂಪ್ರೆಸರು ನಮ್ಮ ಟ್ಯೂಬಿಗೆ ಹೊಂದಲಿಲ್ಲ. ಇಂಥ ಸೈಕಲ್ಲುಗಳ ವಾಲ್ವು ಸಪೂರ, ಫ್ರೆಂಚ್ ಮಾದರಿಯದು. ಲಾರಿ, ಬೈಕಿಗೆ ಗಾಳಿ ಹಾಕುವ ಮೂತಿ ಅದರ ಮೇಲೆ ಕೂರುವುದಿಲ್ಲ. ನಮ್ಮ ಕೈಪಂಪಿನಲ್ಲೇ ಗಾಳಿ ಹಾಕಿ ಕೊಟ್ಟೆವು. ಅವನು ಟ್ಯೂಬನ್ನು ಬಾಣಲೆಯ ನೀರಿನಲ್ಲಿ ಸುತ್ತ ತಿರುಗಿಸಿ, ಗುಳ್ಳೆ ಎದ್ದ ಕಡೆ ಬೆರಳಿಟ್ಟು, ವಾಲ್ವಿನಿಂದ ಅದು ಎಷ್ಟು ಗೇಣು ಎಂದು ಅಳೆದ. ಅದೇ ಅಳತೆಯನ್ನು ಟೈರಿನ ಮೇಲೂ ಹಿಡಿದು ಆ ಜಾಗವನ್ನು ಒಳಮಗ್ಗುಲು ಹೊರಳಿಸಿ, ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಸವರಿದ. ಒಮ್ಮೆ, ಮತ್ತೊಮ್ಮೆ. ಬೆರಳು ನಿಂತಿತು. ಇಕ್ಕಳದಲ್ಲಿ ಹಿಡಿದು ಎಳೆದಾಗ ಬಂದದ್ದು ಕೂದಲಿಗಿಂತ ತುಸು ದಪ್ಪದ, ಉಗುರಿನ ಅರ್ಧದಷ್ಟು ಉದ್ದದ ಉಕ್ಕಿನ ತಂತಿ.

“ಲಾರಿ ಟೈರ್ ತಂತಿ ಮೇಡಂ. ರೋಡ್ ತುಂಬ ಇದೆ” ಎಂದು ಅದನ್ನು ನನ್ನ ಅಂಗೈಗೆ ಹಾಕಿದ.

ಲಾರಿಗಳ ರೇಡಿಯಲ್ ಟೈರಿನೊಳಗೆ ಇಂಥ ತಂತಿಗಳ ಹೆಣಿಗೆ ಇರುತ್ತದೆ. ಟೈರು ಸಿಡಿದಾಗ ಅದರ ಚೂರುಗಳು ರಸ್ತೆಯ ಅಂಚಿಗೆ ಬಂದು ಬೀಳುತ್ತವೆ. ಸೈಕಲ್ಲು ಹೋಗಬೇಕಾದದ್ದೂ ಆ ಅಂಚಿನಲ್ಲೇ. ಹುಡುಗ ಇಪ್ಪತ್ತು ರೂಪಾಯಿ ಕೇಳಿದ, ಕೊಟ್ಟೆ. ದಯೆ ಎಂದು ಕರೆದರೆ ಅವನ ಕೆಲಸವನ್ನು ಕಡಿಮೆ ಮಾಡಿದಂತೆ. ಸಾವಿರಾರು ಟೈರು ಸವರಿ ಪಳಗಿದ ಆ ಹೆಬ್ಬೆರಳು ಅವನ ಕಸಬು. ರಾತ್ರಿ ಒಂಬತ್ತೂವರೆಗೂ ಶಾಪು ತೆರೆದಿಟ್ಟುಕೊಂಡಿರುವುದು ಅವನ ಹೊಟ್ಟೆಪಾಡು. ಆದರೆ ಅವನಿಲ್ಲದಿದ್ದರೆ ನನ್ನ ಸವಾರಿ ಅಲ್ಲಿಗೆ ಮುಗಿಯುತ್ತಿತ್ತು.

ದಾವಣಗೆರೆಯ ಬೈಪಾಸು, ಅದರಾಚೆ ಹರಿಹರದ ಸೇತುವೆ. ಕೆಳಗೆ ತುಂಗಭದ್ರೆ ಕಾಣಲಿಲ್ಲ, ಸದ್ದು ಮಾತ್ರ ಕೇಳಿಸಿತು. ಮಲೆನಾಡಿನಲ್ಲಿ ಮಳೆ ಚೆನ್ನಾಗಿದ್ದಿರಬೇಕು. ಹೊಯ್ಸಳರ ಕಾಲದ ಹರಿಹರೇಶ್ವರನ ಗುಡಿ ಅಲ್ಲೇ ಊರೊಳಗಿದೆ ಎಂದು ಗೊತ್ತಿದ್ದೂ ಕತ್ತಲಲ್ಲಿ ದಾಟಿ ಹೋದೆವು. ಇದೊಂದು ನನಗೆ ಬ್ರೆವೆಗಳ ಬಗ್ಗೆ ಇರುವ ಕೊರಗು. ಎಷ್ಟೋ ಊರುಗಳನ್ನು ಮುಟ್ಟಿಯೂ ನೋಡದೆ ಹೋಗುತ್ತೇವೆ.

ರಾಣೆಬೆನ್ನೂರು ಸೇರಿದಾಗ ರಾತ್ರಿ ಒಂದು ಗಂಟೆ. ಎರಡಕ್ಕೆ ಕಂಟ್ರೋಲ್ ಮುಚ್ಚುತ್ತದೆ. ಅಲ್ಲಿ ಸ್ವಯಂಸೇವಕರು ಇರಲಿಲ್ಲ. ಅಂಥ ಕಡೆಗಳಲ್ಲಿ ತೆರೆದಿರುವ ಯಾವುದಾದರೂ ಅಂಗಡಿಯ ಸೀಲು, ಇಲ್ಲವೇ ಸಮಯ ಮುದ್ರಿಸಿದ ಬಿಲ್ಲು, ಎಟಿಎಂ ಚೀಟಿ, ಏನಾದರೂ ಒಂದು ಸಾಕ್ಷಿ ತರಬೇಕು. ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯೊಂದು ತೆರೆದಿತ್ತು. ಗಲ್ಲಾದ ಮೇಲೆ ಕೂತಿದ್ದವರು ನನ್ನ ಕಾರ್ಡನ್ನು ಮುಂದೆ ಹಿಂದೆ ತಿರುಗಿಸಿ ನೋಡಿದರು.

“ಬೆಂಗಳೂರಿಂದ ಬಂದೀರಿ? ಸೈಕಲ್ ಮ್ಯಾಲೆ? ಭಾಳ ಚಲೋ ಆತು. ಎಲ್ಲಿ ಒತ್ತಲ್ರೀ?”

ಚೌಕ ತೋರಿಸಿದೆ. ಸೀಲನ್ನು ಇಂಕ್ ಪ್ಯಾಡಿನ ಮೇಲೆ ಒತ್ತಿ, ಉಫ್ ಎಂದು ಊದಿ, ಓರೆಯಾಗದಂತೆ ಹಿಡಿದು ಒತ್ತಿದರು. ಖಾನಾವಳಿಯ ಹೆಸರು, ಕೆಳಗೆ ರಾಣೆಬೆನ್ನೂರು ಎಂದು ನೇರಳೆ ಬಣ್ಣದಲ್ಲಿ ಮೂಡಿತು. ಅದರ ಪಕ್ಕದಲ್ಲಿ ಗಡಿಯಾರ ನೋಡಿ ಸಮಯ ಬರೆದು ತಮ್ಮ ರುಜು ಹಾಕಿದರು. ಆ ಕಾರ್ಡಿನಲ್ಲಿದ್ದ ಸೀಲುಗಳಲ್ಲೆಲ್ಲ ಅದೇ ಎದ್ದು ಕಾಣುವಂಥದ್ದು. ಈ ಹೆಂಗಸು ಇಷ್ಟು ಹೊತ್ತಿಗೆ ಇಲ್ಲಿದ್ದಳು ಎಂಬುದಕ್ಕೆ ಊರಿನವರೇ ಕೊಟ್ಟ ಸಾಕ್ಷಿ ಅದು.

ಹುಬ್ಬಳ್ಳಿ ಹುಡುಗ ನಮಗಿಂತ ಸ್ವಲ್ಪ ಮೊದಲೇ ಬಂದು, ಅಲ್ಲೇ ಗೋಡೆಗೊರಗಿ ಕೂತಿದ್ದ. ಮೊಣಕಾಲು ಊದಿತ್ತು.

“ಮೊಣಕಾಲು ಮಾತು ಕೇಳವಲ್ದ್ರೀ ಅಕ್ಕಾರ. ನಾ ಇಲ್ಲಿಂದ ಮನಿಗೆ ಹೊಂಟೆ.”

ಅವನು ಅದನ್ನು ಹೇಳಿದ ರೀತಿಯಲ್ಲಿ ಸಂಕೋಚವಿರಲಿಲ್ಲ, ಯಾರೂ ಅವನಿಗೆ ಸಮಾಧಾನ ಹೇಳುವ ಅಗತ್ಯವೂ ಇರಲಿಲ್ಲ. ಇಂಥ ಮೊಣಕಾಲಿನೊಂದಿಗೆ ಇನ್ನೂ 300 ಕಿಲೋಮೀಟರ್ ತುಳಿದರೆ ಆಮೇಲೆ ವರ್ಷವಿಡೀ ನಡೆಯುವುದೂ ಕಷ್ಟ. ನಿಲ್ಲುವುದು ಎಲ್ಲಿ ಎಂದು ತಿಳಿಯುವುದೂ ಈ ವಿದ್ಯೆಯ ಭಾಗವೇ. ಹುಬ್ಬಳ್ಳಿ ಕಡೆಗೆ ಹೋಗುವ ಬಸ್ಸೊಂದು ಬಂತು. ಕಂಡಕ್ಟರು ಸೈಕಲ್ಲಿಗೂ ಲಗೇಜ್ ಟಿಕೆಟ್ ಹರಿದುಕೊಟ್ಟು, ತಾವೇ ಒಂದು ಕೈ ಹಚ್ಚಿ ಡಿಕ್ಕಿಗೆ ಏರಿಸಿದರು. ಮುಂಗಾಲಿ ಬಿಚ್ಚದೆ ಅದು ಒಳಗೆ ಹೋಗುತ್ತಿರಲಿಲ್ಲ, ಹಿರಿಯರು ಬಿಚ್ಚಿಕೊಟ್ಟರು.

ಲಾಡ್ಜಿನಲ್ಲಿ ಎರಡು ಗಂಟೆ ಮಲಗಿದೆವು ಎನ್ನಬೇಕು. ಹಾಸಿಗೆಗೆ ಬಿದ್ದದ್ದು ಮತ್ತು ಅಲಾರಾಂ ಕೂಗಿದ್ದು ಬಿಟ್ಟರೆ ನಡುವೆ ಏನೂ ನೆನಪಿಲ್ಲ. ಮೂರೂವರೆಗೆ ಮತ್ತೆ ಹೆದ್ದಾರಿ. ನಸುಕಿನ ಆ ಹೊತ್ತು ಸವಾರರಿಗೆ ಅತ್ಯಂತ ಕೆಟ್ಟದ್ದು. ಮೈಯ ಒಳಗಡಿಯಾರ ಮಲಗು ಎನ್ನುತ್ತದೆ, ರೆಪ್ಪೆ ತಾನಾಗಿ ಮುಚ್ಚುತ್ತದೆ, ಗಾಲಿ ಬಿಳಿ ಗೆರೆಯಿಂದ ಒಳಕ್ಕೆ ಸರಿಯುತ್ತದೆ. ಲಾರಿ ಓಡಿಸುವವರಿಗೂ ಅದೇ ಹೊತ್ತು, ಅದೇ ನಿದ್ದೆ. ಇಲ್ಲಿ ಧೈರ್ಯ ತೋರಿಸಬಾರದು. ತೂಕಡಿಕೆ ಬಂದ ಕೂಡಲೇ ಇಬ್ಬರೂ ಬಸ್ ತಂಗುದಾಣವೊಂದರ ಕಟ್ಟೆಯ ಮೇಲೆ ಹೆಲ್ಮೆಟ್ ಕಳಚದೆಯೇ ಹತ್ತು ನಿಮಿಷ ಕಣ್ಣು ಮುಚ್ಚಿದೆವು. ಹತ್ತು ನಿಮಿಷ ಸಾಕು, ತಲೆ ತಿಳಿಯಾಗುತ್ತದೆ.

ಬೆಳಕು ಹರಿದ ಮೇಲೆ ಹೊಲಗಳು ಕಂಡವು. ದಾವಣಗೆರೆ ಸುತ್ತ ಮೊಣಕಾಲೆತ್ತರದ ಮೆಕ್ಕೆಜೋಳ, ಚಿತ್ರದುರ್ಗದ ಕಡೆ ಈರುಳ್ಳಿ, ಶೇಂಗಾ. ಕುರಿಮಂದೆಯೊಂದು ಆರು ಪಥದ ಹೆದ್ದಾರಿಯ ಈ ಕಡೆಯಿಂದ ಆ ಕಡೆಗೆ ದಾಟಲು ಕಾದು ನಿಂತಿತ್ತು, ಕುರಿಗಾಹಿ ಕೈ ಅಡ್ಡ ಹಿಡಿದು ವಾಹನಗಳ ನಡುವೆ ಸಂದು ಹುಡುಕುತ್ತಿದ್ದ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವರೊಬ್ಬರು ಸರ್ವಿಸ್ ರಸ್ತೆ ಇದ್ದಕ್ಕಿದ್ದಂತೆ ಮುಗಿದ ಕಡೆ ಇಳಿದು, ಮುಖ್ಯ ರಸ್ತೆಯಲ್ಲಿ ಎದುರಿನಿಂದ ತಳ್ಳಿಕೊಂಡು ಬರುತ್ತಿದ್ದರು. ನಾನು ಎರಡು ದಿನ ಸೈಕಲ್ ತುಳಿದು ಮನೆಗೆ ಹೋಗುವವಳು. ಅವರಿಗೆ ಇದು ನಿತ್ಯದ ದಾರಿ. ಆ ರಸ್ತೆಯ ನಿಜವಾದ ಸೈಕಲ್ ಸವಾರರು ಅವರು. ರಸ್ತೆ ಮಾಡುವವರ ನಕ್ಷೆಯಲ್ಲಿ ಅವರಿಗೆ ಒಂದು ಗಜ ಅಗಲದ ಜಾಗವೂ ಇಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಎಂಜಿನ್ ಇಲ್ಲದ ಗಾಡಿಗಳಿಗೆ ಪ್ರವೇಶವಿಲ್ಲ. ಅಪಘಾತಗಳನ್ನು ನೋಡಿದರೆ ಅದಕ್ಕೆ ಕಾರಣವೂ ಇದೆ. ನೂರರ ವೇಗದ ಕಾರುಗಳ ನಡುವೆ ಸೈಕಲ್ಲು ಇರಬಾರದು. ಆದರೆ ನಿರ್ಬಂಧ ಹಾಕುವ ಮೊದಲು ಪಕ್ಕದಲ್ಲಿ ಕಡಿಯದೆ ಸಾಗುವ, ದೀಪವಿರುವ, ನೀರು ನಿಲ್ಲದ ಸರ್ವಿಸ್ ರಸ್ತೆ ಇರಬೇಕು ಎಂಬುದು ನನ್ನ ಹಟ. ಅದರ ಜೊತೆಗೇ ಇನ್ನೊಂದು ನಷ್ಟವಿದೆ. ಬೇಲಿ ಹಾಕಿದ ಹೆದ್ದಾರಿಗೆ ರಸ್ತೆಬದಿಯೇ ಇರುವುದಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣಗಳ ಹಳೇ ರಸ್ತೆಯ ಹೋಟೆಲಿನವರನ್ನು ಕೇಳಿದರೆ ಇದು ಗೊತ್ತಾಗುತ್ತದೆ. ಅಂಥ ದಾರಿಯಲ್ಲಿ ಅಜ್ಜಿಯ ಟೀ ಅಂಗಡಿ ಇಲ್ಲ, ಬಿಹಾರದ ಹುಡುಗನ ಮಂಚ ಇಲ್ಲ. ನಲವತ್ತು ಗಂಟೆ ನಾನು ಯಾರನ್ನು ನೆಚ್ಚಿಕೊಂಡೆನೋ ಅವರಾರೂ ಇರುವುದಿಲ್ಲ.

ಚಿತ್ರದುರ್ಗ ಕಂಟ್ರೋಲ್ ಮುಚ್ಚುವುದು ಒಂಬತ್ತಕ್ಕೆ. ಇಪ್ಪತ್ತು ನಿಮಿಷ ಉಳಿಸಿಕೊಂಡು ಮುಟ್ಟಿದೆವು. ಅಲ್ಲಿಂದ ಗಾಳಿ ನಮ್ಮ ಕಡೆಗಾಯಿತು. ಹಿಂದಿನ ದಿನ ಎದೆಗೆ ಗುದ್ದಿದ್ದ ಗಾಳಿಯೇ ಈಗ ಬೆನ್ನಿಗೆ ಕೈಕೊಟ್ಟು ದೂಡಿತು. ಐಮಂಗಲ, ಹಿರಿಯೂರು, ಶಿರಾ ಸರಸರನೆ ಸರಿದವು. ನಿನ್ನೆ ಮೂಕರಾಗಿದ್ದ ನಾವು ಇವತ್ತು ಮಾತಾಡಿದೆವು. ಹಿರಿಯರು ತಮ್ಮ ಮೊದಲ ಪೋಸ್ಟಿಂಗ್ ಚಳ್ಳಕೆರೆ ಕಡೆಯ ಹಳ್ಳಿಯಲ್ಲಿದ್ದುದನ್ನು, ಕೆಲಸದ ಮೇಲೆ ಹಳ್ಳಿಗಳಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದುದನ್ನು ಹೇಳಿದರು. ಆಗ ಅದು ಸಾಹಸ ಎಂದು ಯಾರಿಗೂ ಅನಿಸಿರಲಿಲ್ಲವಂತೆ.

ಆದರೆ ಗಾಳಿ ಕೊಟ್ಟದ್ದನ್ನು ನೆಲ ಕಿತ್ತುಕೊಳ್ಳುತ್ತದೆ. ತುಂಗಭದ್ರೆಯ ದಡದಿಂದ ಬೆಂಗಳೂರಿಗೆ ಬರುವುದೆಂದರೆ 300 ಮೀಟರಿಗೂ ಹೆಚ್ಚು ಎತ್ತರಕ್ಕೆ ಬರುವುದು. ಕಾರಿನಲ್ಲಿ ಗೊತ್ತೇ ಆಗದ ಆ ಏರು ಕಳ್ಳಂಬೆಳ್ಳದಿಂದ ಮುಂದೆ ತೊಡೆಗಳಿಗೆ ಗೊತ್ತಾಯಿತು. ಅಂಗೈ ಜೋಮು ಹಿಡಿದು ಎರಡು ಬೆರಳುಗಳಲ್ಲಿ ಸ್ಪರ್ಶವೇ ಇರಲಿಲ್ಲ. ಕೂತ ಕಡೆ ಚರ್ಮ ಉಜ್ಜಿ ಉರಿ. ತುಮಕೂರಿನಲ್ಲಿ ಮೊಸರನ್ನ ತಿಂದು ನಿಂತೇ ಇದ್ದೆ, ಕೂರಲು ಮನಸ್ಸಾಗಲಿಲ್ಲ. ದಾಬಸ್‌ಪೇಟೆಯಿಂದ ಮಳೆ ಹಿಡಿಯಿತು. ನೆಲಮಂಗಲದ ಭಾನುವಾರ ಸಂಜೆಯ ವಾಹನ ಸಂದಣಿಯಲ್ಲಿ, ಊರಿಂದ ಮರಳುವವರ ಬಸ್ಸುಗಳ ನಡುವೆ, ಮೇಲ್ಸೇತುವೆಯ ಕೆಳಗಿನ ರಸ್ತೆಯಲ್ಲಿ, ಒಂದು ಕಾಲು ನೆಲಕ್ಕೂರಿಕೊಂಡೇ ಮುಂದೆ ಸಾಗಿದೆವು. ಎಷ್ಟು ಬಾಕಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಒಂಬತ್ತು ಗಂಟೆ ಐದು ನಿಮಿಷಕ್ಕೆ ಯಶವಂತಪುರದಲ್ಲಿ ಕಾರ್ಡು ಕೊಟ್ಟೆವು. ಸಂಘಟಕಿ ಒಂದೊಂದೇ ಸೀಲನ್ನು ಪರಿಶೀಲಿಸಿ, ಖಾನಾವಳಿಯ ನೇರಳೆ ಸೀಲಿನ ಹತ್ತಿರ ತುಸು ಹೊತ್ತು ನಿಂತು, ಕೊನೆಯ ಚೌಕದಲ್ಲಿ ಸಮಯ ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು. 39 ಗಂಟೆ 5 ನಿಮಿಷ. ದಿಯೊ ಇಷ್ಟೇ ಹೊತ್ತಿನಲ್ಲಿ ಇದರ ಎರಡರಷ್ಟು ದೂರ ಮುಗಿಸಿದ್ದ ಎಂದು ಹಿರಿಯರಿಗೆ ಹೇಳಿದೆ. “ಅವನೂ ಪಂಕ್ಚರಿಗೆ ಕಾದಿದ್ದನಲ್ಲ” ಎಂದರು.

ಮನೆಗೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ನಮಗಿಂತ ಮೊದಲೇ ಮುಗಿಸಿದವರು ಕೂಡ ಅಲ್ಲೇ ಪಾದರಸದ ಬೆಳಕಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು, ಏಕೆಂದರೆ ಒಬ್ಬರು ಇನ್ನೂ ರಸ್ತೆಯಲ್ಲಿದ್ದರು. ನೆಲಮಂಗಲ ದಾಟಿದ್ದಾರಂತೆ, ಚೈನು ಕಡಿದಿತ್ತಂತೆ, ಸೈಕಲ್ ರಿಪೇರಿ ಅಂಗಡಿಯೊಂದರ ಬಾಗಿಲು ತಟ್ಟಿ ಎಬ್ಬಿಸಿ ಕೊಂಡಿ ಹಾಕಿಸಿಕೊಂಡರಂತೆ. ಹತ್ತಕ್ಕೆ ಎಲ್ಲ ಮುಗಿಯುತ್ತದೆ. ಒಂದು ನಿಮಿಷ ತಡವಾದರೂ ಲೆಕ್ಕಕ್ಕಿಲ್ಲ. ಸಂಘಟಕಿ ಕೈಗಡಿಯಾರ ನೋಡುವುದನ್ನು ಬಿಟ್ಟು ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಒಂಬತ್ತು ಐವತ್ತೆರಡಕ್ಕೆ ಆ ತಿರುವಿನಲ್ಲಿ ಸಣ್ಣ ದೀಪ ಕಂಡಾಗ ಎಲ್ಲರೂ ಎದ್ದು ಕೂಗಿದೆವು. ಪಕ್ಕದಲ್ಲಿ ಇಸ್ತ್ರಿ ಗಾಡಿ ಮುಚ್ಚುತ್ತಿದ್ದವರು ಏನಾಯಿತೆಂದು ಓಡಿ ಬಂದರು.

ಬಂದವರು ಕಾರ್ಡು ಕೊಟ್ಟು, ಎರಡೂ ಕೈಯನ್ನು ಮೇಜಿಗೆ ಊರಿಕೊಂಡು, ಹತ್ತಿರದಲ್ಲಿ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮಾರ್ಕೆಟ್ಟಿನ ಹತ್ತಿರ ಲಾರಿಯವರಿಗಾಗಿ ರಾತ್ರಿಯಿಡೀ ತೆರೆದಿರುವ ಹೋಟೆಲ್ ಇದೆ ಎಂದು ಇಸ್ತ್ರಿ ಗಾಡಿಯವರು ದಾರಿ ಹೇಳಿದರು. ಎಲ್ಲರೂ ಸೈಕಲ್ ತಳ್ಳಿಕೊಂಡು ಆ ಕಡೆ ಹೊರಟೆವು.